ಗಾಲ್ಫ್ ಗಾಡಿಯ ದೀಪ ಮಂಕಾದಾಗ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಮಹಾನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಪೀಚ್‌ಟ್ರೀ ಸಿಟಿ ಎಂಬ ಊರಿದೆ. ಶಾಲೆ ನಡೆಯುವ ದಿನಗಳಲ್ಲಿ ಅಲ್ಲಿನ ಮ್ಯಾಕಿಂಟಾಷ್ ಹೈಸ್ಕೂಲಿನ ಬಳಿ ಹೋದವರಿಗೆ ಒಂದು ಅಪರೂಪದ ನೋಟ ಕಾಣಸಿಗುತ್ತದೆ. ನಮ್ಮ ಕಾಲೇಜುಗಳ ಮುಂದೆ ಸೈಕಲ್ಲು, ಸ್ಕೂಟರುಗಳು ಸಾಲುಗಟ್ಟಿ ನಿಲ್ಲುವಂತೆ ಅಲ್ಲಿ ಗಾಲ್ಫ್ ಗಾಡಿಗಳು ನಿಂತಿರುತ್ತವೆ. ಒಂದೆರಡಲ್ಲ, ನೂರಾರು! ಓಡಿಸಿಕೊಂಡು ಬಂದವರು ಗಾಲ್ಫ್ ಆಟಗಾರರಲ್ಲ, ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು.

ಈ ಊರಿನಲ್ಲಿ ಕಾರುಗಳ ರಸ್ತೆಯ ಜತೆಗೆ ಗಾಲ್ಫ್ ಗಾಡಿಗಳಿಗೆಂದೇ ಸುಮಾರು 100 ಮೈಲಿ ಉದ್ದದ ಪ್ರತ್ಯೇಕ ಹಾದಿ ಇದೆ. ಮರಗಳ ನಡುವೆ, ಕೆರೆಯ ದಂಡೆಯ ಮೇಲೆ, ಹೆದ್ದಾರಿಯ ಕೆಳಗಿನ ಸುರಂಗಗಳಲ್ಲಿ ಈ ಹಾದಿ ಹಾದುಹೋಗುತ್ತದೆ. ಅಂಗಡಿಗೆ, ಗ್ರಂಥಾಲಯಕ್ಕೆ, ಗೆಳೆಯರ ಮನೆಗೆ ಎಲ್ಲದಕ್ಕೂ ಗಾಲ್ಫ್ ಗಾಡಿಯೇ. ಗಂಟೆಗೆ 30 ಕಿಲೋಮೀಟರ್ ಆಸುಪಾಸಿನ ವೇಗ. ಹೊಗೆ ಇಲ್ಲ, ಸದ್ದಿಲ್ಲ. ಮಕ್ಕಳ ಕೈಗೆ ಕಾರಿನ ಕೀಲಿ ಕೊಡಲು ಹಿಂಜರಿಯುವ ತಂದೆತಾಯಿಯರು ಇದನ್ನು ಕೊಡಲು ಅಷ್ಟಾಗಿ ಹೆದರುವುದಿಲ್ಲ.

ಆದರೆ ಸಂಜೆಯಾದ ಮೇಲೆ? ಆಟ, ಸಂಗೀತ, ಟ್ಯೂಷನ್ ಮುಗಿಸಿ ಮಕ್ಕಳು ಮನೆಗೆ ಮರಳುವ ಹೊತ್ತಿಗೆ, ಅದರಲ್ಲೂ ಚಳಿಗಾಲದಲ್ಲಿ, ಕತ್ತಲು ಕವಿದಿರುತ್ತದೆ. ಮರಗಳ ನಡುವಿನ ಹಾದಿಯಲ್ಲಿ ನಡೆದು ಹೋಗುವವರಿರುತ್ತಾರೆ, ನಾಯಿ ಹಿಡಿದುಕೊಂಡವರಿರುತ್ತಾರೆ, ಎದುರಿನಿಂದ ಇನ್ನೊಂದು ಗಾಡಿ ಬರುತ್ತದೆ. ಆಗ ಜೀವ ಕಾಯುವುದು ಮುಂದಿನ ಎರಡು ದೀಪ, ಹಿಂದಿನ ಎರಡು ಕೆಂಪು ದೀಪ. ಮೋಟಾರು ಎಷ್ಟೇ ಚೆನ್ನಾಗಿ ಓಡಲಿ, ಈ ನಾಲ್ಕು ದೀಪ ಕೈಕೊಟ್ಟರೆ ಗಾಡಿ ಅಪಾಯವೇ. ಈ ದೀಪಗಳು ಹೆಚ್ಚಾಗಿ ಕೈಕೊಡುವುದು ಬಲ್ಬಿನಿಂದಲ್ಲ, ಅದರ ಹಿಂದಿನ ವೈರಿನಿಂದ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ನೋಡಿ. ಹತ್ತನೆಯ ತರಗತಿಯ ಹುಡುಗನೊಬ್ಬ ಸಂಜೆ ಮನೆಗೆ ಬಂದು, ‘ಅಪ್ಪಾ, ಎಡಗಡೆ ಲೈಟು ಮಂಕಾಗಿದೆ. ಬಲಗಡೆದು ಸರಿಯಾಗಿದೆ’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ‘ಬಲ್ಬು ಹೋಗಿರಬೇಕು, ಹೊಸದು ಹಾಕಿಬಿಡೋ’ ಎನ್ನುತ್ತಾರೆ ಅಪ್ಪ. ಹೊಸ ಬಲ್ಬು ಹಾಕಿದ್ದಾಯಿತು. ಅದೂ ಮಂಕು! ಮುಂದೇನು?

ಒಂದೇ ಗಾಡಿ, ಎರಡು ವ್ಯವಸ್ಥೆ

ಉತ್ತರ ಹುಡುಕುವ ಮೊದಲು ಗಾಡಿಯ ಸೀಟು ಎತ್ತಿ ನೋಡಬೇಕು. ಅಮೆರಿಕದಲ್ಲಿ ವಿದ್ಯುತ್ ಗಾಲ್ಫ್ ಗಾಡಿಗಳು ಕಾಣಿಸಿಕೊಂಡದ್ದು 1950ರ ದಶಕದ ಆರಂಭದಲ್ಲಿ. 1954ರಲ್ಲಿ ಅದೇ ಜಾರ್ಜಿಯಾದ ಅಗಸ್ಟಾ ನಗರದಲ್ಲಿ ಇಬ್ಬರು ಸಹೋದರರು ಇ-ಝಡ್-ಗೋ ಕಂಪನಿಯನ್ನು ಶುರುಮಾಡಿದರು. ಟೆಕ್ಸಾಸ್‌ನಲ್ಲಿ ಹುಟ್ಟಿದ ಕ್ಲಬ್ ಕಾರ್ ಕಂಪನಿ ಕೂಡ 1960ರ ದಶಕದಲ್ಲಿ ಅಗಸ್ಟಾಕ್ಕೇ ಬಂದು ನೆಲೆಸಿತು. ಆಗಿನ ಗಾಡಿಗಳು ಹಗಲು ಹೊತ್ತಿನಲ್ಲಿ ಹುಲ್ಲಿನ ಮೇಲೆ ಓಡಾಡಲು ಮಾಡಿದಂಥವು. ಅವುಗಳಿಗೆ ದೀಪ ಯಾಕೆ, ಹಾರ್ನ್ ಯಾಕೆ? ದೀಪ, ಹಾರ್ನ್, ಇಂಡಿಕೇಟರ್, ಹಾಡು ಕೇಳುವ ಸ್ಪೀಕರ್, ಫೋನ್ ಚಾರ್ಜ್ ಮಾಡುವ ಸಾಕೆಟ್ ಇವೆಲ್ಲ ಗಾಡಿ ಮೈದಾನ ಬಿಟ್ಟು ಬೀದಿಗೆ ಬಂದ ಮೇಲೆ ಒಂದೊಂದಾಗಿ ಅಂಟಿಕೊಂಡವು. ಹಲವು ಗಾಡಿಗಳಲ್ಲಿ ಇವನ್ನು ಕೂಡಿಸಿದವರು ಕಾರ್ಖಾನೆಯವರಲ್ಲ, ಮಾಲೀಕರೇ. ತೊಂದರೆಯ ಬೇರು ಇರುವುದು ಇಲ್ಲಿ.

ಸೀಟಿನ ಕೆಳಗೆ ಸೀಸ-ಆಮ್ಲದ ಬ್ಯಾಟರಿಗಳ ಸಾಲಿರುತ್ತದೆ. 6 ವೋಲ್ಟಿನ ಎಂಟು, ಅಥವಾ 8 ವೋಲ್ಟಿನ ಆರು, ಅಥವಾ 12 ವೋಲ್ಟಿನ ನಾಲ್ಕು. ಹೇಗೆ ಲೆಕ್ಕ ಹಾಕಿದರೂ ಒಟ್ಟು 48 ವೋಲ್ಟ್. ಹಳೆಯ ಗಾಡಿಗಳಲ್ಲಿ 6 ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟ್. ಒಂದರ ಧನ ತುದಿಗೆ ಇನ್ನೊಂದರ ಋಣ ತುದಿ ಸೇರಿಸಿದ ಸರಣಿ ಜೋಡಣೆ ಇದು. ವಿದ್ಯಾರ್ಥಿಗಳು ಪಾಠದಲ್ಲಿ ಓದಿದ್ದೇ. ಈ 48 ವೋಲ್ಟ್ ದಪ್ಪ ಕೇಬಲ್‌ಗಳ ಮೂಲಕ ಹೋಗಿ ಮೋಟಾರನ್ನು ತಿರುಗಿಸುತ್ತದೆ. ಅದು ಗಾಡಿಯ ಮೊದಲ ವ್ಯವಸ್ಥೆ.

ದೀಪ, ಹಾರ್ನ್ ಮುಂತಾದವು ಸಾಮಾನ್ಯವಾಗಿ ಕಾರುಗಳಿಗೆಂದು ತಯಾರಾದ 12 ವೋಲ್ಟಿನ ಸಾಮಾನು. 48 ವೋಲ್ಟಿಗೆ ನೇರವಾಗಿ ಕೊಟ್ಟರೆ 12 ವೋಲ್ಟಿನ ಬಲ್ಬು ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುತ್ತದೆ. ಹಾಗಾದರೆ 12 ವೋಲ್ಟ್ ಎಲ್ಲಿಂದ ತರುವುದು?

ಎಂಟು ಎತ್ತು, ಎರಡಕ್ಕೆ ಹೆಚ್ಚಿನ ಹೊರೆ

ಸುಲಭದ ದಾರಿಯೊಂದಿದೆ. 6 ವೋಲ್ಟಿನ ಎರಡು ಬ್ಯಾಟರಿ ಸೇರಿದರೆ 12 ವೋಲ್ಟ್ ಆಯಿತಲ್ಲ! ಆ ಎರಡರ ತುದಿಗಳಿಂದ ಎರಡು ವೈರು ಎಳೆದರೆ ದೀಪ ಉರಿಯುತ್ತದೆ. ಖರ್ಚು ಬರೀ ವೈರಿನದು. ಬಹಳ ಕಾಲ ಬಹಳ ಜನ ಮಾಡಿದ್ದು ಇದನ್ನೇ.

ಇದರಲ್ಲಿ ತಪ್ಪೇನು? ಲೆಕ್ಕ ಹಾಕಿ ನೋಡಿ. 35 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ, ಒಟ್ಟು 70 ವ್ಯಾಟ್. ಅದನ್ನು 12ರಿಂದ ಭಾಗಿಸಿದರೆ ಹೆಚ್ಚುಕಡಿಮೆ 6 ಆಂಪಿಯರ್ ಪ್ರವಾಹ. ದಿನಕ್ಕೆ ಎರಡು ಗಂಟೆ ದೀಪ ಉರಿದರೆ 12 ಆಂಪಿಯರ್-ಗಂಟೆ. ಗಾಲ್ಫ್ ಗಾಡಿಯ 6 ವೋಲ್ಟಿನ ಬ್ಯಾಟರಿಯ ಸಾಮರ್ಥ್ಯ ಸುಮಾರು 225 ಆಂಪಿಯರ್-ಗಂಟೆ. 12 ಎಂಬುದು ದೊಡ್ಡ ಅಂಕಿಯೇನಲ್ಲ. ಆದರೆ ಆ 12 ಖರ್ಚಾಗುವುದು ಎಂಟರಲ್ಲಿ ಎರಡು ಬ್ಯಾಟರಿಗಳಿಂದ ಮಾತ್ರ. ರಾತ್ರಿ ಚಾರ್ಜರ್ ಹಾಕಿದಾಗ ಎಂಟೂ ಬ್ಯಾಟರಿಗಳ ಮೂಲಕ ಹರಿಯುವುದು ಒಂದೇ ಪ್ರವಾಹ. ಎಂಟು ಎತ್ತು ಕಟ್ಟಿದ ಬಂಡಿಯಲ್ಲಿ ಎರಡು ಎತ್ತಿನ ಬೆನ್ನ ಮೇಲೆ ಮಾತ್ರ ಹೆಚ್ಚುವರಿ ಮೂಟೆ ಹೊರಿಸಿ, ಸಂಜೆ ಎಲ್ಲಕ್ಕೂ ಒಂದೇ ಅಳತೆಯ ಮೇವು ಹಾಕಿದ ಹಾಗೆ. ಆರು ಬ್ಯಾಟರಿ ತುಂಬಿ, ಅವುಗಳಲ್ಲಿನ ನೀರು ಕುದಿಯುವಂತೆ ಗುಳ್ಳೆ ಏಳುವ ಹೊತ್ತಿಗೂ ಎರಡು ಅರೆಹೊಟ್ಟೆ. ದಿನವೂ ಹೀಗೇ ನಡೆದರೆ ಆ ಎರಡರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಒಮ್ಮೆ ಗಟ್ಟಿಯಾದ ಹರಳು ಮತ್ತೆ ಸುಲಭವಾಗಿ ಕರಗುವುದಿಲ್ಲ. ಕೊನೆಗೆ ಈ ಎರಡು ದುರ್ಬಲ ಬ್ಯಾಟರಿಗಳು ಇಡೀ ಸಾಲನ್ನೇ ಹಿಂದಕ್ಕೆ ಎಳೆಯುತ್ತವೆ. ಗಾಡಿ ಮೊದಲಿನಷ್ಟು ದೂರ ಓಡುತ್ತಿಲ್ಲ ಎಂದು ದೂರುವವರು ಅದಕ್ಕೂ ದೀಪಕ್ಕೂ ಸಂಬಂಧವಿದೆಯೆಂದು ಊಹಿಸುವುದೇ ಇಲ್ಲ.

ಹೀಗೆ ಜೋಡಿಸಿದ ಗಾಡಿಯನ್ನು ಗುರುತಿಸುವುದು ಸುಲಭ. ನಿಂತಾಗ ದೀಪ ಚೆನ್ನಾಗಿ ಉರಿಯುತ್ತದೆ, ಏರು ಹತ್ತಲು ಆಕ್ಸಿಲರೇಟರ್ ಒತ್ತಿದೊಡನೆ ಮಂಕಾಗುತ್ತದೆ. ಮೋಟಾರು ನೂರಾರು ಆಂಪಿಯರ್ ಎಳೆದಾಗ ಬಡ ಬ್ಯಾಟರಿಗಳ ವೋಲ್ಟೇಜು ಕುಸಿಯುವುದೇ ಕಾರಣ.

ಸರಿಯಾದ ದಾರಿಯೆಂದರೆ ಕನ್ವರ್ಟರ್. ಅಂಗೈ ಅಗಲದ ಈ ಅಲ್ಯೂಮಿನಿಯಂ ಡಬ್ಬಿ ಇಡೀ ಸಾಲಿನ 48 ವೋಲ್ಟನ್ನು ತೆಗೆದುಕೊಂಡು ಸ್ಥಿರವಾದ 12 ವೋಲ್ಟ್ ಕೊಡುತ್ತದೆ. ಎಂಟೂ ಎತ್ತುಗಳಿಗೆ ಹೊರೆ ಸಮವಾಗಿ ಹಂಚಿಕೆಯಾಗುತ್ತದೆ. 20 ಆಂಪಿಯರಿನ ಕನ್ವರ್ಟರ್ 240 ವ್ಯಾಟ್ ಕೊಡಬಲ್ಲದು. ಅಷ್ಟನ್ನು ಕೊಡುವಾಗ ಬ್ಯಾಟರಿಯಿಂದ ಅದು ಎಳೆಯುವುದು 5 ಆಂಪಿಯರಿಗಿಂತ ತುಸು ಹೆಚ್ಚು ಮಾತ್ರ, ಏಕೆಂದರೆ ಅಲ್ಲಿ ವೋಲ್ಟೇಜು ನಾಲ್ಕು ಪಟ್ಟು. ಈಗೀಗ ಬರುತ್ತಿರುವ ಲಿಥಿಯಂ ಬ್ಯಾಟರಿಯ ಗಾಡಿಗಳಲ್ಲಂತೂ ಮುಚ್ಚಿದ ಒಂದೇ ಪೆಟ್ಟಿಗೆ. ನಡುವಿನಿಂದ ವೈರು ಎಳೆಯುವ ಮಾತೇ ಇಲ್ಲ. ಕನ್ವರ್ಟರ್ ಬೇಕೇ ಬೇಕು.

ಕಾರಿನ ಮೆಕ್ಯಾನಿಕ್ ಎಡವುವ ಜಾಗ

ಕಾರು, ಸ್ಕೂಟರ್ ರಿಪೇರಿ ಮಾಡಿ ಕೈ ಪಳಗಿದವರೂ ಗಾಲ್ಫ್ ಗಾಡಿಯಲ್ಲಿ ಒಂದು ಕಡೆ ಎಡವುತ್ತಾರೆ. ಕಾರಿನಲ್ಲಿ ಬ್ಯಾಟರಿಯ ಋಣ ತುದಿಯನ್ನು ಬಾಡಿಗೆ ಜೋಡಿಸಿರುತ್ತಾರೆ. ಹಾಗಾಗಿ ದೀಪಕ್ಕೆ ಒಂದೇ ವೈರು ಎಳೆದು, ಇನ್ನೊಂದು ತುದಿಯನ್ನು ಹತ್ತಿರದ ಬೋಲ್ಟಿಗೆ ಬಿಗಿದರೆ ಸಾಕು, ಪ್ರವಾಹ ಲೋಹದ ಬಾಡಿಯ ಮೂಲಕ ಮರಳುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಬಾಡಿ ಅರ್ತ್’.

ಗಾಲ್ಫ್ ಗಾಡಿಗಳಲ್ಲಿ ಸಾಮಾನ್ಯವಾಗಿ ಚಾಸಿಗೂ ಬ್ಯಾಟರಿಗೂ ಸಂಬಂಧವಿರುವುದಿಲ್ಲ. ಪ್ರತಿ ದೀಪಕ್ಕೂ ಹೋಗುವ ವೈರಿನ ಜತೆ ಮರಳುವ ವೈರೂ ಬೇಕು. ಗೊತ್ತಿಲ್ಲದೆ ಬೋಲ್ಟಿಗೆ ಬಿಗಿದರೆ ದೀಪ ಉರಿಯುವುದಿಲ್ಲ, ಅಷ್ಟೇ ಆದರೆ ಪುಣ್ಯ. ಒಬ್ಬರು ದೀಪಕ್ಕೆಂದು ಮೊದಲ ಎರಡು ಬ್ಯಾಟರಿಗಳಿಂದ ವೈರು ತೆಗೆದು ಅದರ ಋಣವನ್ನು ಚಾಸಿಗೆ ಬಿಗಿದಿದ್ದಾರೆ ಎನ್ನಿ. ಇನ್ನೊಬ್ಬರು ಸ್ಪೀಕರಿಗೆಂದು ಮೂರು ಮತ್ತು ನಾಲ್ಕನೆಯ ಬ್ಯಾಟರಿಗಳಿಂದ ವೈರು ತೆಗೆದು ಅದರ ಋಣವನ್ನೂ ಚಾಸಿಗೇ ಬಿಗಿಯುತ್ತಾರೆ. ಎರಡೂ ‘ಋಣ’ವೇ ಅಲ್ಲವೇ ಎಂಬುದು ಅವರ ಎಣಿಕೆ. ಆದರೆ ಎರಡನೆಯ ಋಣ ಮೊದಲನೆಯದಕ್ಕಿಂತ 12 ವೋಲ್ಟ್ ಮೇಲಿದೆ! ಚಾಸಿಯ ಮೂಲಕ ಮೊದಲ ಎರಡು ಬ್ಯಾಟರಿಗಳು ನೇರವಾಗಿ ಶಾರ್ಟ್ ಆಗುತ್ತವೆ. ಈ ಬ್ಯಾಟರಿಗಳು ಶಾರ್ಟ್ ಆದಾಗ ಸಾವಿರ ಆಂಪಿಯರಿಗೂ ಮೀರಿ ಸುರಿಯಬಲ್ಲವು. ನಡುವೆ ಫ್ಯೂಸ್ ಇಲ್ಲದಿದ್ದರೆ ತೆಳು ವೈರು ಕೆಂಡದಂತಾಗಿ ಅದರ ಪ್ಲಾಸ್ಟಿಕ್ ಹೊದಿಕೆಗೆ ಬೆಂಕಿ ಹತ್ತುತ್ತದೆ. ಸೀಟಿನ ಮೇಲೆ ಕುಳಿತವರಿಗೆ ತಮ್ಮ ಕೆಳಗೇನಾಗುತ್ತಿದೆ ಎಂಬುದು ಗೊತ್ತಾಗುವುದು ಹೊಗೆ ಬಂದಾಗಲೇ.

ಆದ್ದರಿಂದ ತಂದೆತಾಯಿಯರು ಒಂದನ್ನು ಗಮನಿಸಬೇಕು. ಮಕ್ಕಳು ಸೀಟು ಎತ್ತಿ ಕೈ ಹಾಕುವುದನ್ನು ತಡೆಯಬೇಕಿಲ್ಲ, ಆದರೆ ಮೊದಲ ಕೆಲವು ಸಲ ಪಕ್ಕದಲ್ಲಿ ನಿಲ್ಲಬೇಕು. ಕೀಲಿ ತೆಗೆದು, ಬ್ರೇಕ್ ಹಾಕಿ, ಗಾಡಿಯಲ್ಲಿ ‘ಟೋ’ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿರಬೇಕು. ಗಾಡಿ ಹಠಾತ್ತನೆ ಮುಂದಕ್ಕೆ ಹೋಗಬಾರದು. ಕೈಯಲ್ಲಿನ ಉಂಗುರ, ಕಡಗ, ಗಡಿಯಾರ ತೆಗೆದಿಡಬೇಕು. 48 ವೋಲ್ಟ್ ಒಣಗಿದ ಚರ್ಮಕ್ಕೆ ದೊಡ್ಡ ಶಾಕ್ ಕೊಡದಿರಬಹುದು, ಆದರೆ ಎರಡು ತುದಿಗಳ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕಾದು ಬೆರಳನ್ನೇ ಸುಡುತ್ತದೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿರಬೇಕು. ಚಾರ್ಜ್ ಆಗುತ್ತಿರುವಾಗ ಅಥವಾ ಆಗಷ್ಟೇ ಮುಗಿದಾಗ ಕೈ ಹಾಕಲೇಬಾರದು: ಸೀಸ-ಆಮ್ಲ ಬ್ಯಾಟರಿಗಳು ಆಗ ಜಲಜನಕ ಬಿಡುತ್ತವೆ, ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ದಾಟಿದರೆ ಒಂದು ಕಿಡಿ ಸಾಕು. ಕಣ್ಣಿಗೆ ಕನ್ನಡಕ ಇರಲಿ. ಆಮ್ಲ ಸಿಡಿದರೆ ಬಟ್ಟೆ ಹೋದರೆ ಹೋಗಲಿ, ಕಣ್ಣು ಹೋಗಬಾರದು.

ನಲ್ಲಿ ಮುಚ್ಚಿದಾಗ ಒತ್ತಡ ಸರಿ

ಈಗ ಎಡಗಡೆಯ ಮಂಕು ದೀಪಕ್ಕೆ ಮರಳಬಹುದು. ಉಪಕರಣ ತೆಗೆಯುವ ಮೊದಲು ಯೋಚಿಸಬೇಕಾದ್ದು, ಯಾವುದು ಸರಿಯಾಗಿದೆ ಎಂಬುದನ್ನು. ಬಲಗಡೆಯ ದೀಪ ಚೆನ್ನಾಗಿ ಉರಿಯುತ್ತಿದೆ, ಹಾರ್ನ್ ಕೂಗುತ್ತಿದೆ. ಅಂದರೆ ಬ್ಯಾಟರಿ, ಕನ್ವರ್ಟರ್, ಮುಖ್ಯ ಫ್ಯೂಸ್, ದೀಪದ ಸ್ವಿಚ್ ಇಷ್ಟೂ ನಿರ್ದೋಷಿಗಳು. ಎಲ್ಲವೂ ಒಟ್ಟಿಗೆ ಸತ್ತಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಹಾದಿಯಲ್ಲಿ ಹುಡುಕಬೇಕಿತ್ತು. ಈಗ ತಪ್ಪು ಇರುವುದು ಎಡ ದೀಪಕ್ಕಷ್ಟೇ ಸೇರಿದ ಕೊಂಬೆಯಲ್ಲಿ. ಸ್ಕ್ರೂಡ್ರೈವರ್ ಮುಟ್ಟದೆಯೇ ಮುಕ್ಕಾಲು ಗಾಡಿಯನ್ನು ಪಟ್ಟಿಯಿಂದ ಹೊಡೆದುಹಾಕಿದಂತಾಯಿತು.

ಹುಡುಗ ದೀಪದ ಹಿಂದಿನ ಸಾಕೆಟ್ ಬಿಡಿಸಿ, ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಎರಡು ಮೊನೆಗಳನ್ನು ಸಾಕೆಟ್ಟಿಗೆ ಹಿಡಿಯುತ್ತಾನೆ. 12.1 ವೋಲ್ಟ್! ‘ಅಪ್ಪಾ, ಕರೆಂಟು ಸರಿಯಾಗೇ ಬರ್ತಿದೆ.’ ‘ಹಾಗಾದ್ರೆ ಹೊಸ ಬಲ್ಬೂ ಕೆಟ್ಟಿದ್ದೇ ಕೊಟ್ಟಿರಬೇಕು ಅಂಗಡಿಯವನು.’ ಹೀಗೆ ಅಂಗಡಿಯವನನ್ನು ಬಯ್ದು ಮೂರನೆಯ ಬಲ್ಬು ಕೊಂಡವರ ಸಂಖ್ಯೆ ಸಣ್ಣದಿರಲಾರದು.

ಮೀಟರು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಯೇ ತಪ್ಪು. ಮನೆಯ ನಲ್ಲಿಯ ಕೊಳವೆಯಲ್ಲಿ ಎಲ್ಲೋ ಕಸ ಕಟ್ಟಿಕೊಂಡಿದೆ ಎನ್ನಿ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿದರೆ ನೀರಿನ ಒತ್ತಡ ಪೂರ್ತಿ ಇರುವಂತೆಯೇ ತೋರುತ್ತದೆ. ಬೆರಳು ತೆಗೆದರೆ ನೀರು ತೊಟ್ಟಿಕ್ಕುತ್ತದೆ. ಹರಿಯದೆ ಇರುವಾಗ ಅಡಚಣೆ ಕಾಣಿಸುವುದಿಲ್ಲ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದು ವೈರಿನಿಂದ ಎಳೆಯುವ ಪ್ರವಾಹ ಒಂದು ಆಂಪಿಯರಿನ ಸುಮಾರು ಹತ್ತು ಲಕ್ಷದ ಒಂದು ಭಾಗದಷ್ಟು. ಅಷ್ಟು ಅಲ್ಪ ಪ್ರವಾಹಕ್ಕೆ ಕೆಟ್ಟ ಜಾಯಿಂಟ್ ಕೂಡ ಹೆದ್ದಾರಿಯೇ.

ಆದ್ದರಿಂದ ಬಲ್ಬನ್ನು ಮತ್ತೆ ಸೇರಿಸಿ, ದೀಪ ಹಾಕಿ, ಉರಿಯುತ್ತಿರುವಾಗಲೇ ಅದರ ಎರಡು ತುದಿಗಳಲ್ಲಿ ಅಳೆಯಬೇಕು. ಈ ಸಲ ಮೀಟರು 9.7 ತೋರಿಸುತ್ತದೆ. ಉಳಿದ 2.4 ವೋಲ್ಟ್ ಎಲ್ಲಿ ಹೋಯಿತು?

ಇಲ್ಲಿ ಓಮನ ನಿಯಮ ಪುಸ್ತಕದಿಂದ ಎದ್ದು ಗಾಡಿಯೊಳಕ್ಕೆ ಬರುತ್ತದೆ. 35 ವ್ಯಾಟಿನ ಬಲ್ಬು ಉರಿಯುವಾಗ ಅದರ ರೋಧ ಸುಮಾರು 4.1 ಓಮ್. ಹಾದಿಯಲ್ಲೆಲ್ಲೋ ಒಂದು ಜಾಯಿಂಟ್ ಕೆಟ್ಟು 1 ಓಮ್ ರೋಧ ಒಡ್ಡುತ್ತಿದೆ ಎಂದು ಊಹಿಸಿದರೆ ಒಟ್ಟು 5.1 ಓಮ್, 12.1ನ್ನು ಅದರಿಂದ ಭಾಗಿಸಿದರೆ ಪ್ರವಾಹ 2.37 ಆಂಪಿಯರ್. ಆ 1 ಓಮ್ ಜಾಯಿಂಟ್ 2.37 ವೋಲ್ಟನ್ನು ನುಂಗಿ, ಬಲ್ಬಿಗೆ 9.7 ಉಳಿಸುತ್ತದೆ. ವೋಲ್ಟೇಜು ಕಡಿಮೆಯಾದದ್ದು ಐದನೆಯ ಒಂದು ಭಾಗ, ಆದರೆ ತಂತುವಿನ ಬಲ್ಬಿನ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವೋಲ್ಟೇಜು ಸ್ವಲ್ಪ ಇಳಿದರೂ ತಂತುವಿನ ಬೆಳಕು ಬಹಳ ಇಳಿಯುವುದು ಅದರ ಸ್ವಭಾವ. ಆ ಜಾಯಿಂಟಿನಲ್ಲೋ ಐದೂವರೆ ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಕಡಲೆಕಾಳಿನಷ್ಟು ಜಾಗದಲ್ಲಿ ಐದೂವರೆ ವ್ಯಾಟ್ ಎಂದರೆ ಮುಟ್ಟಿದರೆ ಚುರುಕ್ಕೆನ್ನುವಷ್ಟು ಬಿಸಿ.

ಕಳ್ಳನನ್ನು ಹಿಡಿಯುವ ಕ್ರಮ ಸೊಗಸಾದದ್ದು. ದೀಪ ಉರಿಯುತ್ತಲೇ ಇರಲಿ. ಮೀಟರಿನ ಒಂದು ಮೊನೆಯನ್ನು ಕನ್ವರ್ಟರಿನ ಋಣ ತುದಿಗೆ, ಇನ್ನೊಂದನ್ನು ದೀಪದ ಋಣ ತುದಿಗೆ ಹಿಡಿಯಬೇಕು. ನಡುವೆ ಇರುವುದು ಒಂದು ವೈರು ಮಾತ್ರ. ವೈರು ಆರೋಗ್ಯವಾಗಿದ್ದರೆ ಮೀಟರು ಸೊನ್ನೆಗೆ ಹತ್ತಿರ ಇರಬೇಕು. ಇಲ್ಲಿ 2.3 ಬಂತು! ಧನ ವೈರಿನ ಕಡೆ ಹೀಗೇ ಅಳೆದರೆ 0.1. ಅಂದರೆ ತಪ್ಪು ಹೋಗುವ ಹಾದಿಯಲ್ಲಿಲ್ಲ, ಮರಳುವ ಹಾದಿಯಲ್ಲಿದೆ. ಸಾಮಾನ್ಯವಾಗಿ ಯಾರೂ ನೋಡದ ಹಾದಿ ಅದು. ಇನ್ನು ದೀಪದ ಕಡೆಯ ಮೊನೆಯನ್ನು ವೈರಿನ ಗುಂಟ ಒಂದೊಂದೇ ಜಾಯಿಂಟ್ ಹಿಂದಕ್ಕೆ ತರಬೇಕು. ಯಾವ ಜಾಯಿಂಟ್ ದಾಟಿದೊಡನೆ 2.3 ಕುಸಿದು ಸೊನ್ನೆಯಾಗುತ್ತದೆಯೋ ಕಳ್ಳ ಅಲ್ಲೇ ಕುಳಿತಿದ್ದಾನೆ.

ಸಿಕ್ಕುವುದು ಏನು? ಬಹುಪಾಲು ಸಲ, ಎರಡು ವೈರು ಹೊಸೆದು ಕಪ್ಪು ಟೇಪು ಸುತ್ತಿದ ಗಂಟು. ಟೇಪಿನ ಅಂಟು ಬಿಸಿಲಿಗೆ ಕರಗಿ ಬಿಟ್ಟುಕೊಂಡಿರುತ್ತದೆ, ಗಾಡಿ ತೊಳೆದ ನೀರು ಒಳಗಿಳಿದಿರುತ್ತದೆ. ಬಿಚ್ಚಿ ನೋಡಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಹಳೆಯ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬೇ ಇದು. ವಿದ್ಯುತ್ತಿಗೆ ಅದು ಗೋಡೆ. ಬ್ಯಾಟರಿಯ ಹತ್ತಿರದ ಜಾಯಿಂಟುಗಳಾದರೆ ಆಮ್ಲದ ಆವಿಯಿಂದ ಇನ್ನೂ ಬೇಗ ಕೆಡುತ್ತವೆ. ಕೆಟ್ಟ ಭಾಗವನ್ನು ಕತ್ತರಿಸಿ, ತಾಮ್ರ ಹೊಳೆಯುವವರೆಗೂ ಹೊದಿಕೆ ಸುಲಿದು, ಅಳತೆಗೆ ಸರಿಯಾದ ಲಗ್ ಹಾಕಿ ಇಕ್ಕಳದಿಂದ ಬಿಗಿದು, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಏರಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ.

ಜಾಯಿಂಟ್ ಸರಿಯಿದ್ದೂ ವೈರೇ ತೆಳುವಾಗಿರುವುದುಂಟು. ಹಿಂದಿನ ಬ್ಯಾಟರಿಯಿಂದ ಮುಂದಿನ ದೀಪಕ್ಕೆ ಹೋಗಿ ಬರುವ ದೂರ 6 ಮೀಟರ್ ಎನ್ನಿ. 1 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 6 ಆಂಪಿಯರ್ ಹರಿದರೆ ದಾರಿಯಲ್ಲೇ 0.6 ವೋಲ್ಟ್ ಸೋರಿಹೋಗುತ್ತದೆ, 2.5 ಚದರ ಮಿಲಿಮೀಟರಿನ ವೈರಾದರೆ 0.25. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ತಿಳಿಯದು. 12ರಲ್ಲಿ ಅರ್ಧ ಹೋದರೆ ದೀಪಕ್ಕೆ ತಿಳಿಯುತ್ತದೆ.

ಮಲ್ಟಿಮೀಟರ್ ಹೊಸದಾಗಿ ಹಿಡಿದವರು ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಪ್ರವಾಹ ಅಳೆಯಲೆಂದು ಕೆಂಪು ವೈರನ್ನು ಆಂಪಿಯರ್ ತೂತಿಗೆ ಹಾಕಿ, ಹಾಗೆಯೇ ಮರೆತು, ಬ್ಯಾಟರಿಯ ವೋಲ್ಟೇಜು ನೋಡಲು ಹೋಗುತ್ತಾರೆ. ಆ ತೂತಿನಲ್ಲಿ ಮೀಟರು ಬರಿಯ ತಂತಿಯಿದ್ದಂತೆ, ಬ್ಯಾಟರಿಯೇ ಶಾರ್ಟ್. ಅದೃಷ್ಟವಿದ್ದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಮೀಟರೇ. ಓಮ್ ಅಳತೆಯನ್ನೂ ಕರೆಂಟು ಇರುವಾಗ ಮಾಡಬಾರದು.

ಮೀಟರ್ ಇಲ್ಲದವರಿಗೆ ಹಳೆಯ ಗ್ಯಾರೇಜುಗಳ ಟೆಸ್ಟ್ ಲ್ಯಾಂಪ್ ಇದೆ: ಒಂದು ಹೋಲ್ಡರ್, 12 ವೋಲ್ಟಿನ ಒಂದು ಬಲ್ಬು, ಎರಡು ವೈರು. ಮೀಟರನ್ನು ಮೋಸಗೊಳಿಸುವ ಪೊಳ್ಳು ವೋಲ್ಟೇಜು ಇದನ್ನು ಮೋಸಗೊಳಿಸಲಾರದು, ಏಕೆಂದರೆ ಇದು ನಿಜವಾಗಿಯೂ ಪ್ರವಾಹ ಎಳೆಯುತ್ತದೆ. ಆದರೆ ಅಪ್ಪಿತಪ್ಪಿ 48 ವೋಲ್ಟಿಗೆ ಹಿಡಿದರೆ ಗಾಜು ಸಿಡಿದೀತು.

ಫ್ಯೂಸ್ ಪದೇ ಪದೇ ಹೋದರೆ

ಫ್ಯೂಸ್ ಹೋಯಿತು, ಹೊಸದು ಹಾಕಿದರೆ ಅದೂ ಹೋಯಿತು. ಆಗ 10 ಆಂಪಿಯರಿನ ಜಾಗಕ್ಕೆ 30ರದ್ದು ಹಾಕಬೇಕೆಂಬ ಆಸೆ ಯಾರಿಗಾದರೂ ಬರುತ್ತದೆ. ಕೆಲವರು ಸಿಗರೇಟ್ ಪ್ಯಾಕಿನ ಬೇಗಡೆಯನ್ನೇ ಸುತ್ತಿ ತುರುಕುತ್ತಾರೆ. ಫ್ಯೂಸ್ ಇರುವುದು ದೀಪವನ್ನು ಕಾಪಾಡುವುದಕ್ಕಲ್ಲ, ವೈರಿಗೆ ಬೆಂಕಿ ಹತ್ತದಂತೆ ಕಾಯುವುದಕ್ಕೆ. ಅದಕ್ಕೇ ಫ್ಯೂಸಿನ ಅಳತೆಯನ್ನು ವೈರಿನ ದಪ್ಪಕ್ಕೆ ತಕ್ಕಂತೆ ಆರಿಸಬೇಕು, ಅದನ್ನು ಬ್ಯಾಟರಿಯ ಹತ್ತಿರವೇ ಕೂರಿಸಬೇಕು. ದೀಪದ ಹತ್ತಿರ ಫ್ಯೂಸ್ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲುಗಾರನೇ ಇಲ್ಲದಂತಾಯಿತು.

ಶಾರ್ಟ್ ಹುಡುಕಲು ಫ್ಯೂಸುಗಳನ್ನು ಒಂದರ ಮೇಲೊಂದು ಸುಡಬೇಕಿಲ್ಲ. 12 ವೋಲ್ಟಿನ ಬದಿಯಲ್ಲಿ, ಹೋದ ಫ್ಯೂಸಿನ ಎರಡು ಕಾಲುಗಳ ಜಾಗಕ್ಕೆ ಟೆಸ್ಟ್ ಲ್ಯಾಂಪಿನ ಎರಡು ವೈರನ್ನು ಸಿಕ್ಕಿಸಿ, ಗಾಡಿಯ ದೀಪ, ಹಾರ್ನ್ ಎಲ್ಲವನ್ನೂ ಆರಿಸಿದರೆ ಸಾಕು. ಎಲ್ಲಾದರೂ ಶಾರ್ಟ್ ಇದ್ದರೆ ಲ್ಯಾಂಪ್ ಝಗ್ಗನೆ ಉರಿಯುತ್ತದೆ. ಬಲ್ಬಿನ ರೋಧವೇ ಪ್ರವಾಹಕ್ಕೆ ಲಗಾಮು ಹಾಕಿರುವುದರಿಂದ ಅಪಾಯವಿಲ್ಲ. ಆಮೇಲೆ ಒಂದೊಂದೇ ಕೊಂಬೆಯನ್ನು ಬಿಡಿಸುತ್ತ ಹೋಗಬೇಕು. ಯಾವುದನ್ನು ಬಿಡಿಸಿದಾಗ ಲ್ಯಾಂಪ್ ಆರುತ್ತದೆಯೋ ಆ ವೈರು, ಎಲ್ಲೋ ಲೋಹದ ಅಂಚಿಗೆ ಉಜ್ಜಿ ಹೊದಿಕೆ ಕಳೆದುಕೊಂಡಿರುತ್ತದೆ. ಸ್ಟೇರಿಂಗ್ ಕಂಬದ ಬುಡ, ಸೀಟಿನ ಕೀಲು, ಬ್ರೇಕ್ ಪೆಡಲಿನ ಹಿಂಭಾಗ ಇವು ಮೊದಲು ನೋಡಬೇಕಾದ ಜಾಗಗಳು.

ಇನ್ನು ಕೆಲವು ಲಕ್ಷಣಗಳು ವೈದ್ಯರಿಗೆ ನಾಡಿ ಇದ್ದಂತೆ. ಹಾರ್ನ್ ಒತ್ತಿದರೆ ದೀಪ ಮಂಕಾಗುತ್ತದೆಯೇ? ಎರಡಕ್ಕೂ ಸಾಮಾನ್ಯವಾದ ವೈರಿನಲ್ಲಿ ಅಡಚಣೆ. ಬ್ರೇಕ್ ಒತ್ತಿದರೆ ಸಂಬಂಧವಿಲ್ಲದ ಇನ್ನೊಂದು ದೀಪ ಮಿಣುಗುತ್ತದೆಯೇ? ಮರಳುವ ವೈರು ಕಡಿದು, ಪ್ರವಾಹ ಆ ದೀಪದ ಮೂಲಕ ಕಳ್ಳದಾರಿ ಹುಡುಕಿಕೊಂಡಿದೆ. ಹಳ್ಳದಲ್ಲಿ ಇಳಿದಾಗ ಮಾತ್ರ ಆರಿ ಹತ್ತುತ್ತದೆಯೇ? ಲೂಸ್ ಕನೆಕ್ಷನ್, ಅನುಮಾನವೇ ಬೇಡ. ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಅವಸರವಾಗಿ ಮಿಟುಕುತ್ತದೆಯೇ? ಅಲ್ಲಿ ಏನೂ ಕೆಟ್ಟಿಲ್ಲ. ಎಲ್‌ಇಡಿ ಎಳೆಯುವ ಪ್ರವಾಹ ತೀರ ಕಡಿಮೆಯಾದ್ದರಿಂದ ಹಳೆಯ ಫ್ಲ್ಯಾಶರ್ ಬಲ್ಬು ಹೋಗಿದೆಯೆಂದು ತಿಳಿದುಕೊಂಡಿದೆ. ಎಲ್‌ಇಡಿ ಯುಗದಲ್ಲಿ ಇನ್ನೊಂದು ಮೋಸವೂ ಇದೆ. ಹೆಚ್ಚಿನ ಎಲ್‌ಇಡಿ ಹೆಡ್‌ಲೈಟುಗಳು ವೋಲ್ಟೇಜು ಇಳಿದರೂ ಬೆಳಕನ್ನು ಇಳಿಸುವುದಿಲ್ಲ. ತಂತುವಿನ ಬಲ್ಬು ಮಂಕಾಗಿ ತಿಂಗಳ ಮೊದಲೇ ಎಚ್ಚರಿಸುತ್ತಿತ್ತು. ಇದು ಕೊನೆಯವರೆಗೂ ಚೆನ್ನಾಗಿ ಉರಿದು, ಒಂದು ರಾತ್ರಿ ತಟ್ಟನೆ ಆರುತ್ತದೆ.

ಲಾಲ್‌ಬಾಗಿನಲ್ಲೂ ಇದೇ ಕಥೆ

ಇದೆಲ್ಲ ಅಮೆರಿಕದ ಶ್ರೀಮಂತರ ಊರಿನ ಮಾತಾಯಿತು, ನಮಗೇನು ಎನ್ನುವಂತಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಮೃಗಾಲಯದಲ್ಲಿ ವಯಸ್ಸಾದವರನ್ನೂ ಮಕ್ಕಳನ್ನೂ ಹತ್ತಿಸಿಕೊಂಡು ಸುತ್ತುವ ಬ್ಯಾಟರಿ ಗಾಡಿಗಳು ಇದೇ ಕುಲದವು. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ‘ರೇವಾ’ ಕಾರಿನಲ್ಲೂ ಇದ್ದದ್ದು 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳೇ. ಒಟ್ಟು ಅದೇ 48. ಊರೂರಿನಲ್ಲಿ ಓಡುವ ಇ-ರಿಕ್ಷಾಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಬ್ಯಾಟರಿ. ಅಲ್ಲಿಯೂ ಒಂದೇ ಬ್ಯಾಟರಿಯಿಂದ ಹಾಡಿನ ಪೆಟ್ಟಿಗೆಗೆ ವೈರು ಎಳೆದರೆ ಮೊದಲು ಸಾಯುವುದು ಅದೇ ಬ್ಯಾಟರಿ, ಆಮೇಲೆ ಚಾಲಕನ ದಿನದ ಗಳಿಕೆ.

ನೂರಾರು ವೋಲ್ಟಿನ ಬ್ಯಾಟರಿ ಹೊತ್ತ ಇಂದಿನ ವಿದ್ಯುತ್ ಕಾರುಗಳು ಕೂಡ ದೀಪ, ಬಾಗಿಲ ಬೀಗ, ಒಳಗಿನ ಕಂಪ್ಯೂಟರುಗಳಿಗೆ 12 ವೋಲ್ಟನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಸಣ್ಣ 12 ವೋಲ್ಟಿನ ಬ್ಯಾಟರಿ ಸತ್ತು ಕಾರು ಬಾಗಿಲೇ ತೆರೆಯದೆ ನಿಂತ ಪ್ರಸಂಗಗಳುಂಟು. ಎಲೆಕ್ಟ್ರಿಷಿಯನ್ ತರಬೇತಿಯ ಐ.ಟಿ.ಐ. ವಿದ್ಯಾರ್ಥಿಗಾಗಲಿ, ಎಂಜಿನಿಯರಿಂಗ್ ಸೇರುವ ಹಂಬಲದ ಪಿ.ಯು. ವಿದ್ಯಾರ್ಥಿಗಾಗಲಿ ಈ ಕೆಲಸ ಮುಂದೆ ಸಿಗುವಂಥದು. ಕಲಿಯಲು ಗಾಲ್ಫ್ ಗಾಡಿಯೇ ಬೇಕಿಲ್ಲ. ಹಳೆಯ ಸ್ಕೂಟರಿನ ಬ್ಯಾಟರಿ, ಒಂದು ಇಂಡಿಕೇಟರ್ ಬಲ್ಬು, ಸರಿಯಾದ ಫ್ಯೂಸ್, ನಾಲ್ಕು ಮೀಟರ್ ವೈರು ಮತ್ತು ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಮನೆಯ ಜಗಲಿಯಲ್ಲೇ ಕೆಟ್ಟ ಜಾಯಿಂಟನ್ನು ತಾವೇ ಸೃಷ್ಟಿಸಿ, ತಾವೇ ಹಿಡಿಯಬಹುದು. ತುಕ್ಕು ಹಿಡಿದ ಒಂದು ಮೊಳೆಯನ್ನು ನಡುವೆ ಸೇರಿಸಿದರಾಯಿತು.

ಅತ್ತ, ಎಡಗಡೆಯ ದೀಪದ ಹಿಂದೆ ಹೊಸ ಲಗ್ ಹಾಕಿದ ಹುಡುಗ ಮತ್ತೆ ಮೀಟರು ಹಿಡಿಯುತ್ತಾನೆ. ಮರಳುವ ವೈರಿನಲ್ಲಿ ಈಗ 0.1 ವೋಲ್ಟ್. ಗ್ಯಾರೇಜಿನ ಗೋಡೆಯ ಮೇಲೆ ಎರಡು ಬೆಳಕಿನ ವೃತ್ತಗಳು ಒಂದೇ ಸಮನಾಗಿ ಬೀಳುತ್ತವೆ. ಅಪ್ಪ ತಂದ ಎರಡು ಬಲ್ಬುಗಳು ಡ್ರಾಯರಿನಲ್ಲಿ ಉಳಿಯುತ್ತವೆ. ಸೀಟು ಮುಚ್ಚುವ ಮೊದಲು ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಎಷ್ಟು ಆಂಪಿಯರ್ ಎಂದು ಕಾಗದದ ಮೇಲೆ ಚಿತ್ರ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸೀಟಿನ ಒಳಮೈಗೆ ಅಂಟಿಸುತ್ತಾನೆ.